ಸ್ಲ್ಯಾಬಿಗೆ ಒಂದು ಪೈಪು, ಎರೆಮಣ್ಣಿಗೆ ಇನ್ನೊಂದು

ದಾವಣಗೆರೆಯಲ್ಲಿ ಮನೆ ವೈರಿಂಗ್ ಕೆಲಸ ಮಾಡುತ್ತೇನೆ. ಈಗೀಗ ಮನೆ ಕಟ್ಟಿಸುವವರು ಬಂದ ಕೂಡಲೇ ಹೇಳುವ ಮಾತು, "ಎಲ್ಲಾ ಕಡೆ ಫ್ಲೆಕ್ಸಿಬಲ್ಲೇ ಹಾಕಿಬಿಡ್ರಿ, ಬೇಗ ಮುಗಿಯುತ್ತೆ." ಬೇಗ ಮುಗಿಯುತ್ತೆ, ಸುಳ್ಳಲ್ಲ. ಫ್ಲೆಕ್ಸಿಬಲ್ ಅಂದರೆ ವೈರ್ ಎಳೆಯಲು ಹಾಕುವ ಬಗ್ಗುವ ಪ್ಲಾಸ್ಟಿಕ್ ಪೈಪು; ಸುರುಳಿ ಬಿಚ್ಚಿಕೊಂಡು ಹೋದರಾಯಿತು, ಬೆಂಡ್ ಬೇಡ, ಕಪ್ಲಿಂಗ್ ಬೇಡ. ಆದರೆ ಆಮೇಲೆ ಅದರೊಳಗೆ ವೈರ್ ಎಳೆಯಬೇಕಾದವನು ನಾನೇ ಅಲ್ವಾ?

ಸ್ಲ್ಯಾಬಿನಲ್ಲಿ ನಾನು ಮುಕ್ಕಾಲು ಪಾಲು ಗಟ್ಟಿ ಪಿವಿಸಿ ಪೈಪೇ ಹಾಕುತ್ತೇನೆ, 25 ಎಂಎಂ. ಬೀಮ್ ಪಕ್ಕದ ಇಕ್ಕಟ್ಟು, ಬಾತ್‌ರೂಮಿನ ಸಂಕನ್ (ತಗ್ಗಿಸಿದ) ಸ್ಲ್ಯಾಬಿಗೆ ಇಳಿಯುವ ಜಾಗ, ಕಂಬಿ ದಟ್ಟವಾಗಿ ಬೆಂಡ್ ಕೂರದ ಕಡೆ ಮಾತ್ರ ಫ್ಲೆಕ್ಸಿಬಲ್. ಅದೂ ಚಿಕ್ಕ ತುಂಡು. ಫ್ಲೆಕ್ಸಿಬಲ್ ಪೈಪಿನ ಒಳಗೂ ಸುಕ್ಕುಗಳಿರುತ್ತವೆ, ಅದಕ್ಕೇ ವೈರ್ ತಡೆದು ತಡೆದು ಬರುತ್ತದೆ. ಕಂಬಿಗೆ ಬಿಗಿದ ಎರಡು ಕಟ್ಟಿನ ನಡುವೆ ಅದು ಜೋತುಬಿದ್ದರಂತೂ ವೈರ್ ಎಳೆಯಲು ಮೊದಲು ತೂರಿಸುವ ಸ್ಪ್ರಿಂಗ್ ಕೂಡ ಮುಂದೆ ಹೋಗುವುದಿಲ್ಲ. ಹಾಗಾಗಿ ಗಟ್ಟಿ ಪೈಪಿಗೆ ಮೂರಡಿಗೊಂದು ಬೈಂಡಿಂಗ್ ವೈರಿನ ಕಟ್ಟು ಸಾಕಾದರೆ, ಇದಕ್ಕೆ ಅಡಿಗೊಂದು ಬೇಕು.

ಅಂಗಡಿಯಲ್ಲಿ ಫ್ಲೆಕ್ಸಿಬಲ್ ಅಂದರೆ ಯಾವುದೋ ಒಂದು ಸುರುಳಿ ಎತ್ತಿ ಕೊಡುತ್ತಾರೆ. ಫಾಲ್ಸ್ ಸೀಲಿಂಗಿಗೆ ಬಳಸುವ ತೆಳ್ಳನೆಯದೂ ಅದೇ ಹೆಸರಿನಲ್ಲಿ ಬರುತ್ತದೆ. ಮೊದಲು ಮೇಲಿನ ಅಚ್ಚು ಓದಿ. ಐಎಸ್ (ಭಾರತೀಯ ಮಾನಕ) 9537 ಭಾಗ 3 ಇದ್ದರೆ ಗಟ್ಟಿ ಪೈಪು, ಭಾಗ 5 ಇದ್ದರೆ ಬಗ್ಗುವ ಪೈಪು. ಆಮೇಲೆ ಲೈಟ್, ಮೀಡಿಯಂ, ಹೆವಿ ಅಂತ ಇರುತ್ತದೆ. ಲೈಟ್ ತಡೆಯುವ ಒತ್ತಡ 320 ನ್ಯೂಟನ್, ಮೀಡಿಯಂ 750, ಹೆವಿ 1250. 750 ನ್ಯೂಟನ್ ಅಂದರೆ ಹೆಚ್ಚುಕಡಿಮೆ 75 ಕೆಜಿ ಭಾರ, ಒಬ್ಬ ಆಳಿನ ತೂಕ. ಕಾಂಕ್ರೀಟ್ ಹಾಕುವ ದಿನ ಆ ಪೈಪಿನ ಮೇಲೆ ಎಷ್ಟು ಜನ ಬಾಂಡ್ಲಿ ಹೊತ್ತು ಓಡಾಡುತ್ತಾರೆ ನೋಡಿದ್ದೀರಲ್ಲ? ಸ್ಲ್ಯಾಬಿಗೆ ಲೈಟ್ ಬೇಡವೇ ಬೇಡ.

ಅಚ್ಚು ನೋಡಿದ ಮೇಲೂ ನಾನು ಒಂದು ಗೇಣು ಕತ್ತರಿಸಿ ನೆಲದ ಮೇಲಿಟ್ಟು ಹಿಮ್ಮಡಿಯಿಂದ ತುಳಿಯುತ್ತೇನೆ. ಕಾಲು ತೆಗೆದ ತಕ್ಷಣ ದುಂಡಗಾಗಬೇಕು. ಚಪ್ಪಟೆಯಾಗಿಯೇ ಉಳಿದರೆ ವಾಪಸ್. ಆಮೇಲೆ ಮಡಚಿ ನೋಡುತ್ತೇನೆ. ಮಡಚಿದ ಜಾಗ ಬೆಳ್ಳಗಾಗಿ ಗೆರೆ ಬಿಟ್ಟರೆ ಹಳೇ ಪ್ಲಾಸ್ಟಿಕ್ ಕರಗಿಸಿ ಮಾಡಿದ ಮಾಲು ಅಂತ ನನ್ನ ಲೆಕ್ಕ. ಅಂಗಡಿಯವರು ಮುಖ ಗಂಟು ಹಾಕಿಕೊಳ್ಳುತ್ತಾರೆ, ಹಾಕಿಕೊಳ್ಳಲಿ.

ಪೈಪು ಸಾಗಬೇಕಾದ್ದು ಕೆಳಗಿನ ಕಂಬಿ ಜಾಲದ ಮೇಲೆ. ಕಾಂಕ್ರೀಟ್ ಹೊರುವ ಸೆಂಟ್ರಿಂಗ್ ಶೀಟಿಗೆ ತಾಗಿಸಿ ಎಳೆದರೆ ಅಡಿಯಲ್ಲಿ ಕಾಂಕ್ರೀಟೇ ನಿಲ್ಲುವುದಿಲ್ಲ. ಪೈಪು ಸ್ಲ್ಯಾಬ್ ದಪ್ಪದ ಮೂರನೇ ಒಂದು ಭಾಗ ಮೀರಬಾರದು ಅನ್ನುವುದು ಇಂಜಿನಿಯರುಗಳ ಲೆಕ್ಕ. ಐದಿಂಚು ಸ್ಲ್ಯಾಬಿಗೆ ಅದು ಸುಮಾರು 42 ಎಂಎಂ. 25ರ ಎರಡು ಪೈಪು ಒಂದರ ಮೇಲೊಂದು ದಾಟಿದರೆ ಅಲ್ಲೇ 50 ಆಯಿತು. ಅದಕ್ಕೇ ಎಲ್ಲಾ ಪೈಪುಗಳನ್ನೂ ಒಂದೇ ಫ್ಯಾನ್ ಬಾಕ್ಸಿನ ಹತ್ತಿರ ಗುಡ್ಡೆ ಹಾಕಬಾರದು.

ಫ್ಲೆಕ್ಸಿಬಲ್ ಕೆಡುವುದು ಹೆಚ್ಚಾಗಿ ಜಾಯಿಂಟಿನಲ್ಲಿ. ಗಟ್ಟಿ ಪೈಪಿನ ಹಾಗೆ ಸಲ್ಯೂಷನ್ (ಪೈಪಿನ ಅಂಟು) ಹಚ್ಚಿ ಕೂರಿಸಲು ಬರುವುದಿಲ್ಲ. ಅದರದ್ದೇ ಅಡಾಪ್ಟರ್ ಹಾಕಿ ಮೇಲೆ ಟೇಪ್ ಬಿಗಿಯಬೇಕು. ಇಲ್ಲದಿದ್ದರೆ ಕಾಂಕ್ರೀಟ್ ಕೂರಿಸಲು ವೈಬ್ರೇಟರ್ ಹಿಡಿದಾಗ ಸಿಮೆಂಟ್ ಹಾಲು ಒಳಗೆ ನುಗ್ಗಿ ಅಲ್ಲೇ ಗಟ್ಟಿಯಾಗುತ್ತದೆ. ಕಾಂಕ್ರೀಟ್ ಹಾಕುವ ಮುಂಚೆ ಪ್ರತಿ ಪೈಪಿಗೂ ಸ್ಪ್ರಿಂಗ್ ಬಿಟ್ಟು ನೋಡುತ್ತೇನೆ, ಬಾಯಿಗೆ ಬಟ್ಟೆ ತುರುಕುತ್ತೇನೆ, ಆ ದಿನ ಸೈಟಿನಲ್ಲೇ ಇರುತ್ತೇನೆ.

ಇನ್ನು ನೆಲದೊಳಗಿನ ಮಾತು. ಗೇಟ್ ಲೈಟು, ಸಂಪ್ ಮೋಟಾರು, ಬೋರಿಗೆ ಹೋಗುವ ಲೈನು. ಇಲ್ಲಿ ಮನೆಯೊಳಗಿನ ಫ್ಲೆಕ್ಸಿಬಲ್ಲೂ ಬೇಡ, ತೆಳ್ಳನೆಯ ಪಿವಿಸಿಯೂ ಬೇಡ. ನಮ್ಮ ದಾವಣಗೆರೆ ಸುತ್ತಿನ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಆ ಎಳೆತಕ್ಕೆ ಗಟ್ಟಿ ಪೈಪಿನ ಜಾಯಿಂಟ್ ಬಿಟ್ಟುಕೊಳ್ಳುತ್ತದೆ. ನಾನು ಹಾಕುವುದು ಡಿಡಬ್ಲ್ಯೂಸಿ, ಅಂದರೆ ಎರಡು ಗೋಡೆಯ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು. ಹೊರಗೆ ಏಣು, ಒಳಗೆ ನುಣುಪು. ಮಣ್ಣಿನ ಜೊತೆ ಬಗ್ಗುತ್ತದೆ, ಕೇಬಲ್ ಸಲೀಸಾಗಿ ಜಾರುತ್ತದೆ. ಇದರ ಅಚ್ಚು ಐಎಸ್ 14930. ಮನೆಗೆ 50/38 ಸೈಜು ಸಾಕು: ಹೊರಗೆ 50 ಎಂಎಂ, ಒಳಗೆ 38. ಇದನ್ನು ಮನೆಯೊಳಗೆ ಬಯಲಿಗೆ ಹಾಕಬೇಡಿ, ಬೆಂಕಿ ಹತ್ತಿದರೆ ಉರಿಯುತ್ತದೆ.

ಆಳ ಎರಡೂವರೆ ಅಡಿ, ಅಂದರೆ 75 ಸೆಂಟಿಮೀಟರ್. ಗುಂಡಿ ತೋಡುವವರು ಒಂದಡಿಗೇ "ಸಾಕಲ್ರೀ" ಅನ್ನುತ್ತಾರೆ. ಮುಂದೆ ತೆಂಗಿನ ಸಸಿ ನೆಡುವಾಗ ಗುದ್ದಲಿ ಬೀಳುವುದು ಅಷ್ಟರಲ್ಲೇ. ಚಿತ್ರದುರ್ಗದ ಕಡೆ ಕೆಲಸಕ್ಕೆ ಹೋದರೆ ಕಲ್ಲುನೆಲ. ಅಲ್ಲಿ ಪೈಪಿನ ಕೆಳಗೂ ಮೇಲೂ ಮರಳು ಹಾಸದೆ ಮುಚ್ಚುವುದೇ ಇಲ್ಲ.

ಎಷ್ಟೇ ಒಳ್ಳೆ ಪೈಪಾದರೂ ನೆಲದೊಳಗೆ ನೀರು ಸೇರುತ್ತದೆ. ಹೊರಗಿನ ನೀರು ಬರದಿದ್ದರೆ ಒಳಗಿನ ಗಾಳಿಯೇ ತಣಿದು ಬೆವರುತ್ತದೆ. ಮನೆಯೊಳಗೆ ಬಳಸುವ ಸಿಂಗಲ್ ವೈರು ಅಲ್ಲಿಗೆ ಆಗುವುದಿಲ್ಲ, ಲೋಹದ ಕವಚವಿರುವ ಆರ್ಮರ್ಡ್ ಕೇಬಲ್ಲೇ ಬೇಕು. ಪೈಪಿನ ಇಳಿಜಾರು ಗೇಟಿನ ಕಡೆ ಇರಲಿ, ಮನೆ ಕಡೆ ಬೇಡ. ಇಲ್ಲದಿದ್ದರೆ ಮಳೆನೀರು ಪೈಪು ಹಿಡಿದು ಸೀದಾ ಮೀಟರ್ ಬೋರ್ಡಿಗೇ ಬರುತ್ತದೆ. ಬಾಯಿಗೆ ಫೋಮ್ ಹೊಡೆಸಿ. ಗುಂಡಿ ಹೇಗೂ ತೆರೆದಿರುತ್ತದಲ್ಲ, ಕ್ಯಾಮೆರಾ, ಇಂಟರ್ನೆಟ್ ವೈರಿಗೆ ಬೇರೆಯದೇ ಪೈಪು ನೈಲಾನ್ ಹಗ್ಗ ಸಮೇತ ಆಗಲೇ ಹಾಕಿಸಿಬಿಡಿ.