ಸಿಮ್ಯುಲೇಟರ್‌ನಲ್ಲಿ ಏರೋಬ್ಯಾಟಿಕ್ ತಂಡದ ವಿಮಾನವನ್ನು ಸಿದ್ಧಪಡಿಸುವ ಬಗೆ

ಯುದ್ಧ ಸಿಮ್ಯುಲೇಟರ್‌ಗಳು ನಮ್ಮ ಕೈಗೆ ಕೊಡುವ ವಿಮಾನ ಕಾಳಗಕ್ಕೆಂದೇ ಸಜ್ಜಾದದ್ದು. ಪ್ರದರ್ಶನ ತಂಡಗಳು ಹಾರಿಸುವ ಫೈಟರ್ ಜೆಟ್ ಆದರೋ ಅದೇ ಯಂತ್ರದಿಂದ ಆಯುಧಗಳನ್ನು ಇಳಿಸಿ, ಹೊಗೆ ಬಿಡುವ ವ್ಯವಸ್ಥೆಯನ್ನು ಕೂರಿಸಿ ರೂಪಿಸಿದ್ದು. ಹೊಸಬರು ನೇರವಾಗಿ ಬಣ್ಣದ ಕೆಲಸಕ್ಕೆ ಕೈಹಾಕುತ್ತಾರೆ. ಏನನ್ನು ತೆಗೆಯಬೇಕೆಂದು ತೀರ್ಮಾನಿಸಿಕೊಂಡ ಬಳಿಕವೇ ಬಣ್ಣಕ್ಕೆ ಹೋಗುವುದು ಲೇಸು.

ತಂಡದ ಜೊತೆಗೆ ವರ್ಷವನ್ನೂ ಆರಿಸಿಕೊಳ್ಳಬೇಕು. ಅಮೆರಿಕದ ನೌಕಾಪಡೆಯ ಬ್ಲೂ ಏಂಜಲ್ಸ್ 2020ರವರೆಗೆ ಹಳೆಯ ಹಾರ್ನೆಟ್ ಹಾರಿಸಿ, 2021ರ ಪ್ರದರ್ಶನಗಳಿಂದ ಸೂಪರ್ ಹಾರ್ನೆಟ್‌ಗೆ ಬದಲಾಯಿತು. ಹೀಗಾಗಿ ಯುದ್ಧವಿಮಾನಗಳ ಸಿಮ್ಯುಲೇಟರ್ ಆದ ಡಿಸಿಎಸ್ ವರ್ಲ್ಡ್‌ನ ಎಫ್/ಎ-18ಸಿ (ಹಳೆಯ ಹಾರ್ನೆಟ್) ಮಾದರಿಗೆ 2020ರ ನಂತರದ ವಿವರಗಳನ್ನು ಬಳಿದರೆ ಬಲ್ಲವರ ಕಣ್ಣಿಗೆ ಅದು ಕೂಡಲೇ ಕುಟುಕುತ್ತದೆ. ಇಟಲಿಯ ಫ್ರೆಚ್ಚೆ ತ್ರಿಕಲೋರಿ 1982ರಿಂದ ಹಾರಿಸಿದ ಎಂಬಿ-339 ಅದೇ ಸಿಮ್ಯುಲೇಟರ್‌ನಲ್ಲಿ ಲಭ್ಯವಿರುವುದರಿಂದ, ಮೊದಲ ಪ್ರಯತ್ನಕ್ಕೆ ಅದು ಸುಲಭದ ಆಯ್ಕೆ.

ಹಾರಾಟವನ್ನು ರೂಪಿಸುವ ಮಿಷನ್ ಎಡಿಟರ್‌ನಲ್ಲಿ ಕ್ಷಿಪಣಿ, ಬಾಂಬ್, ಹೊರಗಿನ ಇಂಧನ ಟ್ಯಾಂಕ್‌ಗಳ ಜೊತೆಗೆ, ಅವಕಾಶವಿದ್ದಲ್ಲಿ ಅವನ್ನು ತಗುಲಿಸುವ ಪೈಲಾನ್‌ಗಳನ್ನೂ ತೆಗೆಯಿರಿ. ಫಿರಂಗಿಯ ಗುಂಡುಗಳನ್ನು ಸೊನ್ನೆಗೆ ಇಳಿಸಿರಿ. ಬ್ಲೂ ಏಂಜಲ್ಸ್‌ನ ಹಾರ್ನೆಟ್‌ನಲ್ಲಿ ಮೂತಿಯ ಫಿರಂಗಿಯನ್ನು ಕಿತ್ತು, ಹೊಗೆಯೆಣ್ಣೆಯ ಟ್ಯಾಂಕನ್ನೇ ಅಲ್ಲಿ ಇಟ್ಟಿದ್ದರು. ಇಂಧನವನ್ನು ಪ್ರದರ್ಶನಕ್ಕೆ ಬೇಕಾದಷ್ಟೇ ತುಂಬಿಸಿರಿ, ಏಕೆಂದರೆ ತುಂಬಿದ ವಿಮಾನ ಲೂಪ್‌ನ ತುದಿಯಲ್ಲಿ ಸೋತು ಅಗಲವಾಗಿ ಹೊರಳುತ್ತದೆ.

ಬಣ್ಣಕ್ಕಾಗಿ ಸೇವ್ಡ್ ಗೇಮ್ಸ್‌ನಲ್ಲಿರುವ ಡಿಸಿಎಸ್ ಫೋಲ್ಡರ್‌ನ ಲಿವರೀಸ್ (ವಿಮಾನದ ಬಣ್ಣವಿನ್ಯಾಸಗಳು) ಒಳಗೆ, ಆ ವಿಮಾನದ ಸಂಕೇತನಾಮದ ಫೋಲ್ಡರ್‌ನಲ್ಲಿ ಹೊಸದೊಂದು ಫೋಲ್ಡರ್ ತೆರೆದು, ಡಿಡಿಎಸ್ ಮಾದರಿಯ ಚಿತ್ರಗಳನ್ನೂ ಅವನ್ನು ಪಟ್ಟಿಮಾಡುವ ಡಿಸ್ಕ್ರಿಪ್ಷನ್.ಲುವಾ ಕಡತವನ್ನೂ ಇಡಬೇಕು. ಕಡತದ ಪ್ರತಿ ಸಾಲಿನ ಕೊನೆಯಲ್ಲಿ 'ಫಾಲ್ಸ್' ಎಂದಿದ್ದರೆ ಚಿತ್ರವನ್ನು ನಿಮ್ಮ ಫೋಲ್ಡರ್‌ನಿಂದಲೂ, 'ಟ್ರೂ' ಎಂದಿದ್ದರೆ ಮೂಲ ಸಂಗ್ರಹದಿಂದಲೂ ತೆಗೆದುಕೊಳ್ಳಲಾಗುತ್ತದೆ; ಬಳಿದ ಬಣ್ಣ ಕಾಣಿಸದಿದ್ದಾಗ ಮೊದಲು ಶಂಕಿಸಬೇಕಾದದ್ದು ಈ ಒಂದು ಪದವನ್ನು. ನನ್ನ ಮೊದಲ ಲಿವರಿ ಎರಡು ಸಂಜೆ ಬೂದುಬಣ್ಣದಲ್ಲೇ ಹಾರಿದ್ದು ಇದೇ ಕಾರಣಕ್ಕೆ.

ಆದರೆ ಬಣ್ಣ ಸರಿಯಿದ್ದೂ ವಿಮಾನ ಆಟಿಕೆಯಂತೆ ಕಂಡರೆ ತಪ್ಪು ಹೊಳಪಿನಲ್ಲಿರುತ್ತದೆ. ಅಮೆರಿಕದ ಫೆಡರಲ್ ಸ್ಟ್ಯಾಂಡರ್ಡ್ ಬಣ್ಣಪಟ್ಟಿಯ ಐದಂಕಿ ಸಂಖ್ಯೆಗಳಲ್ಲಿ ಮೊದಲ ಅಂಕಿ 1 ಇದ್ದರೆ ಹೊಳಪಿನ ಬಣ್ಣ, 3 ಇದ್ದರೆ ಹೊಳಪಿಲ್ಲದ್ದು. ಬ್ಲೂ ಏಂಜಲ್ಸ್‌ನ ನೀಲಿ 15050. ಯುದ್ಧವಿಮಾನಗಳ ಬೂದು 36ರಿಂದ ಆರಂಭವಾಗುತ್ತದೆ. ಮೇಲ್ಮೈ ಎಷ್ಟು ಹೊಳೆಯಬೇಕೆಂದು ಹೇಳುವ, ಮೂಲ ಮಾದರಿಯ ರಫ್‌ಮೆಟ್ ಚಿತ್ರ ಆ ಮಂಕು ಬೂದುಬಣ್ಣಕ್ಕೆಂದೇ ಮಾಡಿದ್ದಾದ್ದರಿಂದ, ಒರಟುತನವನ್ನು ಹೇಳುವ ಅದರ ಹಸಿರು ಚಾನೆಲ್ಲನ್ನು ಕಪ್ಪಿನತ್ತ ಇಳಿಸಬೇಕು. ಲೋಹತ್ವವನ್ನು ಹೇಳುವ ನೀಲಿ ಚಾನೆಲ್ಲನ್ನು ಮುಟ್ಟಬೇಡಿರಿ, ಮುಟ್ಟಿದರೆ ಬಣ್ಣ ಬಳಿದ ಮೈ ಪಾತ್ರೆಯಂತೆ ಮಿನುಗುತ್ತದೆ. ಮಸಿ, ಎಣ್ಣೆಯ ಕಲೆ, ಸವೆತದ ಗುರುತುಗಳ ಪದರಗಳನ್ನೂ ಬಹುಮಟ್ಟಿಗೆ ಅಳಿಸಿರಿ. ಈ ತಂಡಗಳು ವಿಮಾನವನ್ನು ತೊಳೆಯದೆ ಜನರ ಮುಂದೆ ತರುವುದಿಲ್ಲ.

ಹೊಗೆಗೆ, ಅವಕಾಶವಿರುವ ವಿಮಾನಗಳಲ್ಲಿ, ರೆಕ್ಕೆಗೆ ತಗುಲಿಸುವ ಬಣ್ಣದ ಹೊಗೆ ಪಾಡ್‌ಗಳನ್ನು ಬಳಸಬಹುದು. ನಿಜವಾದ ಹಾರ್ನೆಟ್‌ನಲ್ಲಿ ಪ್ಯಾರಾಫಿನ್ ಮೂಲದ ಎಣ್ಣೆ ಎಂಜಿನ್‌ನ ಬಿಸಿಗಾಳಿಗೆ ಸೇರಿ ಆವಿಯಾಗುತ್ತದೆ, ಆದ್ದರಿಂದ ಹೊಗೆ ರೆಕ್ಕೆಯ ತುದಿಯಿಂದಲ್ಲದೆ ಬಾಲದಿಂದ ಹೊರಡುತ್ತದೆ. ಸಿಮ್ಯುಲೇಟರ್‌ನ ಈ ಕೊರತೆಯನ್ನು ಒಪ್ಪಿಕೊಳ್ಳದೆ ಬೇರೆ ದಾರಿಯಿಲ್ಲ.

ಹಾರಾಟದಲ್ಲಿ ಒಂದು ವಿವರ ಅನುಕರಣೆಗೆ ಯೋಗ್ಯ. ಬ್ಲೂ ಏಂಜಲ್ಸ್‌ನ ವಿಮಾನಗಳಲ್ಲಿ ಸ್ಪ್ರಿಂಗೊಂದು ನಿಯಂತ್ರಣದ ಸ್ಟಿಕ್ಕನ್ನು ಸದಾ ಮುಂದಕ್ಕೆ ಎಳೆಯುತ್ತಿದ್ದು, ಪೈಲಟ್ ಅದರ ವಿರುದ್ಧ ಕೈ ಬಿಗಿಹಿಡಿದೇ ಹಾರುವುದರಿಂದ ಸೂಕ್ಷ್ಮ ಚಲನೆ ಸಾಧ್ಯವಾಗುತ್ತದೆ. ಸಿಮ್ಯುಲೇಟರ್‌ನಲ್ಲಿ ಕೈಬಿಟ್ಟಾಗ ವಿಮಾನ ಹೇಗೆ ಹಾರಬೇಕೆಂದು ಹೊಂದಿಸುವ ಟ್ರಿಮ್ಮನ್ನು ಮೂತಿ ತಗ್ಗುವ ಕಡೆಗೆ ಸ್ವಲ್ಪ ಒತ್ತಿಟ್ಟರೆ ಹೆಚ್ಚುಕಡಿಮೆ ಅದೇ ಅನುಭವ ಸಿಗುತ್ತದೆ. ಇನ್ನು ಗೆಳೆಯರೊಡನೆ ಜಾಲದಲ್ಲಿ ಹಾರುವಾಗ, ವಿಳಂಬದ ಕಾರಣ ನಿಮ್ಮ ಪರದೆಯ ಅಂತರವೂ ನಾಯಕನ ಪರದೆಯ ಅಂತರವೂ ಒಂದೇ ಆಗಿರುವುದಿಲ್ಲ; ಆರಂಭದಲ್ಲಿ ಒಂದು ರೆಕ್ಕೆಯಗಲ ದೂರವಿದ್ದು, ಹಾರಾಟದ ದಾಖಲೆಯನ್ನು ನೆಲದ ಕ್ಯಾಮೆರಾದಿಂದ ನೋಡಿದ ಮೇಲೆಯೇ ಹತ್ತಿರ ಸರಿಯಿರಿ.