ಎಡಿ ರಿಜಿಸ್ಟರ್: ವಿಮಾನದ ಹೆಸರು ಬಿಟ್ಟು ಸೀರಿಯಲ್ ನಂಬರ್ ಹಿಡಿದ ಅನುಭವ

ಎಡಿ ಅಂದರೆ ವಿಮಾನದ ಸುರಕ್ಷತೆಗಾಗಿ ವಿಮಾನಯಾನ ನಿಯಂತ್ರಕರು ಹೊರಡಿಸುವ ಕಡ್ಡಾಯ ಆದೇಶ. ವಿಮಾನಕ್ಕೊಂದು ಎಡಿ ಪಟ್ಟಿ ಇಡುವುದನ್ನು ನಾವು ಬಿಟ್ಟು ಕೆಲವು ವರ್ಷಗಳಾದವು. ಈಗ ಪಟ್ಟಿ ಇರುವುದು ಬಿಡಿಭಾಗದ ಪಾರ್ಟ್ ನಂಬರ್, ಸೀರಿಯಲ್ ನಂಬರ್ ಮೇಲೆ. ನಾನು ಇದನ್ನು ಶುರು ಮಾಡಿದಾಗ ಪ್ಲಾನಿಂಗ್‌ನವರು ನಕ್ಕಿದ್ದರು. ಕ್ವಾಲಿಟಿಯವರು "ಸಾಫ್ಟ್‌ವೇರ್ ಇದೆಯಲ್ಲ, ಸುಮ್ನೆ ಯಾಕೆ ಎರಡು ಕೆಲಸ?" ಅಂದರು. ಈಚೆಗೆ ಲೀಸ್ ಮುಗಿದ ವಿಮಾನವೊಂದನ್ನು ವಾಪಸ್ ಕೊಟ್ಟೆವು. ಎಡಿ ವಿಭಾಗದಲ್ಲಿ ಒಂದೇ ಒಂದು ಓಪನ್ ಐಟಂ (ಬಾಕಿ ಉಳಿದ ವಿಷಯ) ಬರಲಿಲ್ಲ. ಲೀಸ್ ರಿಟರ್ನ್ ಮಾಡಿದವರಿಗೆ ಇದರ ಬೆಲೆ ಗೊತ್ತು.

ಹಳೆಯ ಪದ್ಧತಿ ಕೈಕೊಟ್ಟಿದ್ದು ಒಂದೇ ಕಾರಣಕ್ಕೆ. ವಿಮಾನ ಇದ್ದಲ್ಲೇ ಇರುತ್ತದೆ, ಅದರೊಳಗಿನ ಸಾಮಾನು ಇರುವುದಿಲ್ಲ. ಪಂಪ್ ಬಿಚ್ಚಿ ರಿಪೇರಿ ಶಾಪ್‌ಗೆ ಹೋಗುತ್ತದೆ, ವಾಪಸ್ ಬಂದಾಗ ಇನ್ನೊಂದು ವಿಮಾನಕ್ಕೆ ಕೂರುತ್ತದೆ. ಎಡಿ ಮುಗಿಸಿದ ದಾಖಲೆ ಮಾತ್ರ ಹಳೆಯ ವಿಮಾನದ ಫೈಲಿನಲ್ಲೇ ಉಳಿಯುತ್ತದೆ. 2018ರ ಏಪ್ರಿಲ್‌ನಲ್ಲಿ ಬೋಯಿಂಗ್ 737ರ ಸಿಎಫ್‌ಎಂ56-7ಬಿ ಎಂಜಿನ್ನಿನ ಫ್ಯಾನ್ ಬ್ಲೇಡ್ ಮುರಿದದ್ದು ಎಲ್ಲರಿಗೂ ನೆನಪಿದೆ, ಅಲ್ವಾ? ಮೂರೇ ದಿನಕ್ಕೆ ಎಫ್‌ಎಎ (ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ) ತುರ್ತು ಎಡಿ ಹೊರಡಿಸಿತು. 30,000 ಸೈಕಲ್ (ಒಂದು ಟೇಕಾಫ್, ಒಂದು ಲ್ಯಾಂಡಿಂಗ್ ಸೇರಿ ಒಂದು ಸೈಕಲ್) ದಾಟಿದ ಎಂಜಿನ್‌ಗಳಲ್ಲಿ 24 ಬ್ಲೇಡುಗಳಿಗೂ 20 ದಿನದೊಳಗೆ ಅಲ್ಟ್ರಾಸೋನಿಕ್ ಪರೀಕ್ಷೆ. ಅಲ್ಲಿಯವರೆಗೆ ಲೆಕ್ಕ ಎಂಜಿನ್ನಿನದು. ಅದರ ಬೆನ್ನಿಗೇ ಬಂದ ಎಡಿ ಲೆಕ್ಕವನ್ನು ಒಂದೊಂದು ಬ್ಲೇಡಿಗೆ ಇಳಿಸಿತು: 20,000 ಸೈಕಲ್ ತುಂಬುವ ಮುಂಚೆ ಮೊದಲ ಪರೀಕ್ಷೆ, ಆಮೇಲೆ ಪ್ರತಿ 3,000ಕ್ಕೆ. ಶಾಪ್‌ನಲ್ಲಿ ಬ್ಲೇಡ್ ಅದಲು ಬದಲಾದ ಎಂಜಿನ್‌ಗೆ ಒಂದೇ ಸಂಖ್ಯೆ ಬರೆದಿಟ್ಟವರು ಏನು ಮಾಡಬೇಕು? ರಾತ್ರಿಯೆಲ್ಲಾ ಶಾಪ್ ರಿಪೋರ್ಟ್ ಕೆದಕಿದೆವು. ಸೀರಿಯಲ್ ನಂಬರೇ ಬೇರು ಅಂತ ನನಗೆ ಖಚಿತವಾಗಿದ್ದು ಆಗ.

ಮೊದಲ ಪ್ರಯತ್ನ ಎಕ್ಸೆಲ್. ಸಾಲುಗಳು ಎಷ್ಟು ಜಾಸ್ತಿ ಆದವೆಂದರೆ ಫೈಲ್ ತೆರೆಯುವುದೇ ಒಂದು ಕೆಲಸ ಆಯ್ತು. ಎರಡನೆಯದು, ಹೊರಗಿನವರಿಂದ ಮಾಡಿಸಿದ ಡೇಟಾಬೇಸ್. ಸುಮಾರು ಆರೇಳು ಸಾವಿರ ಡಾಲರ್ ಹೋಯ್ತು. ಅದು ಎಡಿಯನ್ನು ಇಡಿಯಾಗಿ ಓಪನ್ ಅಥವಾ ಕ್ಲೋಸ್ ಅಂತ ಮಾತ್ರ ತೋರಿಸುತ್ತಿತ್ತು. ಎಡಿ ಹಾಗಿರುವುದಿಲ್ಲ. ಎಫ್‌ಎಎ ಎಡಿಯಲ್ಲಿ ಜಿ ಪ್ಯಾರಾ ಒಂದು ಸಲದ ತಪಾಸಣೆ, ಎಚ್ ಪದೇಪದೇ ಮಾಡುವುದು, ಐ ಮಾಡಿದರೆ ಆ ಪದೇಪದೇ ತಪಾಸಣೆ ಮುಗಿಯುವುದು, ಹೀಗೆ ಇರಬಹುದು. ಕೊನೆಗೆ ಎಲ್ಲೋ ಬರುವ ಒಂದು ಪ್ಯಾರಾ, "ಈ ಭಾಗವನ್ನು ಇನ್ನು ಮುಂದೆ ಜೋಡಿಸಬಾರದು" ಅನ್ನುವುದು, ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಈಗ ನಮ್ಮಲ್ಲಿ ಒಂದು ಸಾಲು ಅಂದರೆ ಒಂದು ಸೀರಿಯಲ್ ನಂಬರ್, ಒಂದು ಎಡಿ, ಅದರ ಒಂದು ಪ್ಯಾರಾ. ಪಕ್ಕದಲ್ಲಿ ರಿವಿಷನ್, ಯಾವ ವಿಧಾನದಲ್ಲಿ ಮುಗಿಸಿದ್ದು, ಆಗಿನ ಗಂಟೆ, ಸೈಕಲ್, ಮುಂದಿನ ಗಡುವು, ಸಹಿ ಇರುವ ಮೂಲ ಟಾಸ್ಕ್ ಕಾರ್ಡಿನ ಸ್ಕ್ಯಾನ್.

ಅನ್ವಯಿಸುವುದಿಲ್ಲ ಅಂತ ಬರೆಯುವಾಗ ಕಾರಣ ಬರೆಯದೆ ಸಾಲು ಮುಚ್ಚುವುದಿಲ್ಲ. ಸೀರಿಯಲ್ ರೇಂಜ್ ಹೊರಗಿದೆಯೋ, ಮಾಡಿಫಿಕೇಶನ್ ಆಗಿದೆಯೋ, ಆ ಉಪಕರಣವೇ ನಮ್ಮ ವಿಮಾನದಲ್ಲಿ ಇಲ್ಲವೋ? ಮೂರೂ ಬೇರೆ ಬೇರೆ. ಮೂರನೆಯದು ನಾಳೆ ಒಂದು ಬಿಡಿಭಾಗ ಬದಲಾದರೆ ಸುಳ್ಳಾಗುತ್ತದೆ. ಕಾರಣವಿಲ್ಲದ "ಅನ್ವಯಿಸುವುದಿಲ್ಲ" ಓಪನ್ ಎಡಿಗಿಂತ ಅಪಾಯ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಾಗದ ಇಲ್ಲದಿದ್ದರೆ ದುಡ್ಡು ಹೇಗೆ ಹೋಗುತ್ತದೆ ನೋಡಿ. ನಮಗೆ ಬಂದ ಒಂದು ವಿಮಾನದಲ್ಲಿ ಹಿಂದಿನವರು ಒಂದು ಫ್ಯೂಯೆಲ್ ಪಂಪಿನ ಎಡಿ "ಮುಗಿದಿದೆ" ಅಂತ ಸೀಲ್ ಹಾಕಿದ್ದರು. ಹೇಗೆ ಮುಗಿಸಿದರು, ಯಾವ ಕಾರ್ಡ್, ಯಾರ ಸಹಿ, ಏನೂ ಇಲ್ಲ. ಪಂಪ್ ಚೆನ್ನಾಗೇ ಇತ್ತು. ಆದರೂ ಟ್ಯಾಂಕ್ ಖಾಲಿ ಮಾಡಿ, ಗಾಳಿ ಆಡಿಸಿ, ಬಿಚ್ಚಿ, ಶಾಪ್‌ಗೆ ಕಳಿಸಿದೆವು. ಶಾಪ್ ಬಿಲ್, ವಿಮಾನ ನಿಂತ ದಿನಗಳು ಸೇರಿ ಮೂವತ್ತು ನಲವತ್ತು ಸಾವಿರ ಡಾಲರ್ ಹತ್ತಿರ ಹೋಗಿರಬೇಕು. ಒಂದು ಹಾಳೆ ಇದ್ದಿದ್ದರೆ ಅಷ್ಟೂ ಉಳಿಯುತ್ತಿತ್ತು.

ಉಳಿತಾಯ ಬಂದದ್ದು ಇನ್ನೊಂದು ಕಾಲಂನಿಂದ. ಎಡಿಯಲ್ಲಿ ಖರ್ಚಿನ ಅಂದಾಜು ಇರುತ್ತದಲ್ಲ? ಎಫ್‌ಎಎ ವರ್ಷಗಟ್ಟಲೆ ಗಂಟೆಗೆ 85 ಡಾಲರ್ ಅಂತ ಹಾಕುತ್ತಾ ಬಂದಿದೆ. ಪ್ಯಾನೆಲ್ ಬಿಚ್ಚಿ ಮುಚ್ಚುವ ಸಮಯ ಸಾಮಾನ್ಯವಾಗಿ ಆ ಅಂದಾಜಿಗೆ ಸೇರುವುದಿಲ್ಲ. ನಿಜವಾದ ಖರ್ಚು ಇರುವುದೇ ಅಲ್ಲಿ. ತಪಾಸಣೆ ಎರಡು ಗಂಟೆ, ಬಿಚ್ಚಿ ಮುಚ್ಚಲು ಹದಿನಾಲ್ಕು. ಹಾಗಾಗಿ ಪ್ರತಿ ಸಾಲಿಗೂ ಪ್ಯಾನೆಲ್ ನಂಬರ್ ಸೇರಿಸಿದೆ. ಟ್ಯಾಂಕ್ ಒಂದು ಸಲ ತೆರೆದರೆ ಒಳಗಿನ ಎಲ್ಲಾ ಎಡಿಗಳೂ ಒಟ್ಟಿಗೆ ಎದುರಿಗೆ ಬರುತ್ತವೆ. ಒಂದು ದೊಡ್ಡ ಚೆಕ್‌ನಲ್ಲಿ (ವಿಮಾನ ನಿಲ್ಲಿಸಿ ಮಾಡುವ ನಿಗದಿತ ತಪಾಸಣೆ) 200ರಿಂದ 300 ಮ್ಯಾನ್-ಅವರ್ ಉಳಿದಿದೆ. ನಕ್ಕವರೇ ಈಗ ಬಂದು ಪ್ರಿಂಟ್ ಕೇಳುತ್ತಾರೆ. ಗಂಟೆ, ಸೈಕಲ್, ಕ್ಯಾಲೆಂಡರ್, ಮೂರರಲ್ಲಿ ಮೊದಲು ಬರುವ ಗಡುವನ್ನು ಯಾವ ಚೆಕ್‌ಗೆ ಎಳೆದು ತರಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಪಕ್ಕದಲ್ಲಿ ಒಂದೆರಡು ಪ್ರಯೋಗವೂ ನಡೆಯಿತು. ಪ್ಯಾನೆಲ್‌ಗಳ ಒಳಗೆ ಬಾರ್‌ಕೋಡ್ ಅಂಟಿಸಿದೆವು. ಲ್ಯಾಂಡಿಂಗ್ ಗೇರ್ ಮಡಚಿಕೊಳ್ಳುವ ಗೇರ್ ಬೇ ಕಡೆ ಸ್ಕೈಡ್ರಾಲ್ (ಹೈಡ್ರಾಲಿಕ್ ದ್ರವ) ಬಿದ್ದು ಅಂಟೆಲ್ಲಾ ಕರಗಿತು, ಬಿಟ್ಟೆವು. ಇನ್ನೊಂದು ಫಲ ಕೊಟ್ಟಿತು: ಎಡಿ ಇನ್ನೂ ಪ್ರಸ್ತಾವ ಹಂತದಲ್ಲಿ ಇರುವಾಗಲೇ ಓದುವುದು. ಅಭಿಪ್ರಾಯ ಹೇಳಲು ಎಫ್‌ಎಎ ಸಾಮಾನ್ಯವಾಗಿ 45 ದಿನ ಕೊಡುತ್ತದೆ, ಅಂತಿಮ ಆದೇಶ ಬರಲು ಇನ್ನೂ ತಿಂಗಳುಗಳು ಬೇಕು. ಅಷ್ಟರೊಳಗೆ ಆ ಕೆಲಸಕ್ಕೆ ಬೇಕಾದ ಬಿಡಿಭಾಗಗಳ ಕಿಟ್ ಆರ್ಡರ್ ಮಾಡಿಬಿಡುತ್ತೇನೆ. ಅಂತಿಮ ಎಡಿ ಬಂದ ಮೇಲೆ ಎಲ್ಲರೂ ಒಂದೇ ಕಿಟ್ ಹಿಂದೆ ಬೀಳುತ್ತಾರೆ. ಯಾವ ಪ್ರಸ್ತಾವಕ್ಕೆ ದುಡ್ಡು ಹಾಕಬಹುದು, ಯಾವುದಕ್ಕೆ ಕಾಯಬೇಕು ಅನ್ನುವುದು ಓದಿ ಓದಿ ಬರುವಂಥದ್ದು.

ನಿಜವಾದ ಪರೀಕ್ಷೆ 2025ರ ನವೆಂಬರ್ 28ಕ್ಕೆ ಬಂತು. ಏರ್‌ಬಸ್ ಎ320 ಕುಟುಂಬದ ಎಲ್ಯಾಕ್ ಕಂಪ್ಯೂಟರ್ (ರೆಕ್ಕೆ, ಬಾಲದ ಚಲಿಸುವ ಫಲಕಗಳನ್ನು ನಿಯಂತ್ರಿಸುವುದು) ಬಗ್ಗೆ ಯುರೋಪಿನ ವಿಮಾನಯಾನ ನಿಯಂತ್ರಕ ಇಯಾಸಾದ ತುರ್ತು ಎಡಿ. ಎಲ್104 ಸಾಫ್ಟ್‌ವೇರ್ ಇರುವ ಎಲ್ಯಾಕ್ ಅನ್ನು ಮುಂದಿನ ಹಾರಾಟಕ್ಕೆ ಮುಂಚೆ ಸರಿಪಡಿಸಿ ಅಥವಾ ಬದಲಿಸಿ, ಅಷ್ಟೇ. ಒಂದು ವಿಮಾನಕ್ಕೆ ಎರಡು ಎಲ್ಯಾಕ್. ಯಾವ ಸೀರಿಯಲ್ ಎಲ್ಲಿದೆ, ಅದರಲ್ಲಿ ಯಾವ ಸಾಫ್ಟ್‌ವೇರ್ ಇದೆ ಅನ್ನುವ ಪಟ್ಟಿ ನನ್ನ ಕೈಯಲ್ಲಿ ಹತ್ತು ನಿಮಿಷದಲ್ಲಿ ಇತ್ತು. ಸ್ಟೋರ್ಸ್‌ನ ಶೆಲ್ಫ್ ಮೇಲಿದ್ದ ಸ್ಪೇರ್ ಒಂದರಲ್ಲೂ ಎಲ್104 ಇದೆ ಅಂತ ಆ ಪಟ್ಟಿಯೇ ಹೇಳಿತು. ಅದಕ್ಕೆ ಆಗಲೇ ಬಳಸಬಾರದು ಅನ್ನುವ ಕೆಂಪು ಟ್ಯಾಗ್ ಬಿತ್ತು. ವಿಮಾನದ ಹೆಸರಿನ ಪಟ್ಟಿ ಇದ್ದಿದ್ದರೆ ಆ ಸ್ಪೇರ್ ಯಾವ ಪಟ್ಟಿಯಲ್ಲೂ ಇರುತ್ತಿರಲಿಲ್ಲ. ಅವಸರದಲ್ಲಿ ಅದನ್ನೇ ತೆಗೆದು ಯಾರಾದರೂ ಕೂರಿಸಿಬಿಡುತ್ತಿದ್ದರು.

ಶುರು ಮಾಡುವವರು ಎಂಜಿನ್, ಎಪಿಯು (ವಿದ್ಯುತ್, ಗಾಳಿ ಕೊಡುವ ಸಹಾಯಕ ಎಂಜಿನ್), ಲ್ಯಾಂಡಿಂಗ್ ಗೇರ್ ಮೊದಲು ಹಿಡಿಯಿರಿ, ಯಾಕೆಂದರೆ ಇವುಗಳ ಕಾಗದ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಆಮೇಲೆ ಪಂಪ್, ವಾಲ್ವ್, ಕಂಪ್ಯೂಟರ್. ಸೀಟು, ಆಕ್ಸಿಜನ್ ಸಿಲಿಂಡರ್ ಕೊನೆಗಿರಲಿ, ಆದರೆ ಬಿಡಬೇಡಿ. ಅವಕ್ಕೂ ಎಡಿಗಳಿವೆ, ಎಲ್ಲಕ್ಕಿಂತ ಹೆಚ್ಚಾಗಿ ಸ್ಥಳ ಬದಲಿಸುವುದೂ ಅವೇ.