ಅಪ್ಪನ ಡೈರಿ, ಡ್ಯಾಮಿನ ಲೆಕ್ಕ ಮತ್ತು ಷರಾ

ಕಾರಟಗಿಯಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಸೆಂಟರ್ ಇದೆ. ಪಹಣಿ, ಅರ್ಜಿ, ಝೆರಾಕ್ಸ್ ಕೆಲಸ. ಸಂಜೆ ಹೊತ್ತು ನಾಲ್ಕು ಹುಡುಗರಿಗೆ ಎಕ್ಸೆಲ್ ಪಾಠ. ಜುಲೈ ಬಂತೆಂದರೆ ಒಳಗೆ ಬರುವ ರೈತರ ಮೊದಲ ಮಾತು ಒಂದೇ: "ಡ್ಯಾಮ್ ಎಷ್ಟಾತು ಅಣ್ಣಾ?" ತುಂಗಭದ್ರಾ ಎಡದಂಡೆ ಕಾಲುವೆ ನಂಬಿದ ಊರು ನಮ್ಮದು. ಭತ್ತದ ಸಸಿ ಮಡಿ ಯಾವಾಗ ಹಾಕಬೇಕು, ಎರಡನೇ ಬೆಳೆಗೆ ನೀರು ಸಿಗುತ್ತದಾ ಇಲ್ಲವಾ, ಎಲ್ಲಾ ಆ ಸಂಖ್ಯೆಯ ಮೇಲೆ ನಿಂತಿದೆ.

ನಮ್ಮಪ್ಪ ಆ ಸಂಖ್ಯೆಯನ್ನು 1998ರಿಂದ 2016ರವರೆಗೆ ದಿನಾ ಬೆಳಿಗ್ಗೆ ಪೇಪರ್ ನೋಡಿ ಬರೆದಿಟ್ಟರು. ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಡುತ್ತಾರಲ್ಲ, ಆ ಡೈರಿಗಳಲ್ಲಿ. ಒಟ್ಟು 19 ಡೈರಿ. ಪ್ರತಿ ಪುಟದಲ್ಲಿ ನೀರಿನ ಮಟ್ಟ ಎಷ್ಟು ಅಡಿ, ಒಳಹರಿವು ಎಷ್ಟು, ಹೊರಹರಿವು ಎಷ್ಟು. ಅದರ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ "ಷರಾ", ಅಂದರೆ ಚಿಕ್ಕ ಟಿಪ್ಪಣಿ. ಅಪ್ಪ ಸ್ವಲ್ಪ ದಿನ ಕಂದಾಯ ಕಚೇರಿಯಲ್ಲಿ ಬರವಣಿಗೆ ಕೆಲಸ ಮಾಡಿದ್ದರು, ಅಲ್ಲಿಂದ ಬಂದ ರೂಢಿ ಅದು. "ಮಲೆನಾಡಲ್ಲಿ ಮಳೆ ಜೋರು." "ಕಾಲುವೆಗೆ ನೀರು ಬಿಟ್ಟರು." "ಪೇಪರ್ ಬಂದಿಲ್ಲ."

ಅಪ್ಪ ತೀರಿಕೊಂಡ ಮೇಲೆ ಆ ಡೈರಿಗಳನ್ನು ಕಂಪ್ಯೂಟರಿಗೆ ಹಾಕಬೇಕೆಂದು ಕೂತೆ. ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಒಂದು ತಾಸು, ಎರಡು ತಾಸು. 6,200ಕ್ಕೂ ಜಾಸ್ತಿ ಸಾಲು. 2017ರಿಂದ ಈಚಿನದ್ದು ಮೊಬೈಲಿಗೆ ಬರುವ ದಿನದ ವರದಿಯಿಂದ ಸೇರಿಸಿದೆ. ಡೇಟಾ ಅನ್ನುವ ಪದವನ್ನು ಹತ್ತು ವರ್ಷದಿಂದ ಪಾಠದಲ್ಲಿ ಹೇಳುತ್ತಿದ್ದೆ. ಅದು ಏನು ಅಂತ ನನಗೆ ತಿಳಿದದ್ದು ಈ ಕೆಲಸದಲ್ಲಿ.

ಮೊದಲ ಪೆಟ್ಟು ತಾರೀಖಿನದು. ದೀಪಾವಳಿಗೆ ಊರಿಗೆ ಬಂದಿದ್ದ ಅಕ್ಕನ ಮಗಳು, ರಾಯಚೂರಿನಲ್ಲಿ ಎಂಜಿನಿಯರಿಂಗ್ ಓದುವವಳು, ನನ್ನ ಫೈಲ್ ತೆಗೆದು ಗ್ರಾಫ್ ಹಾಕಿದಳು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. "ಮಾಮಾ, ಮೇ ತಿಂಗಳ 10ನೇ ತಾರೀಖು ಡ್ಯಾಮ್ ತುಂಬೈತಿ ನೋಡು ಇಲ್ಲಿ!" ಮೇ ತಿಂಗಳಲ್ಲಿ ನಮ್ಮ ಡ್ಯಾಮು ತಳ ಕಾಣುವ ಹೊತ್ತು. ಇನ್ನೊಂದು ವಿಚಿತ್ರ, ಯಾವ ತಿಂಗಳಲ್ಲೂ 12ನೇ ತಾರೀಖಿನ ಮುಂದೆ ಒಂದು ಚುಕ್ಕೆಯೂ ಇಲ್ಲ.

ಕಾರಣ ಹುಡುಕಲು ಒಂದು ಸಂಜೆ ಹಿಡಿಯಿತು. ನನ್ನ ಕಂಪ್ಯೂಟರಿನ ತಾರೀಖು ಅಮೆರಿಕದ ಪದ್ಧತಿಯಲ್ಲಿತ್ತು, ತಿಂಗಳು ಮೊದಲು, ದಿನ ಆಮೇಲೆ. ನಾನು 05/10 ಅಂತ ಹೊಡೆದರೆ ನನ್ನ ಮನಸ್ಸಿನಲ್ಲಿ ಅಕ್ಟೋಬರ್ 5. ಕಂಪ್ಯೂಟರ್ ಅದನ್ನು ಮೇ 10 ಅಂತ ತಿಳಿದುಕೊಂಡಿತು. 25/10 ಹೊಡೆದರೆ 25ನೇ ತಿಂಗಳು ಇಲ್ಲವಲ್ಲ, ಹಾಗಾಗಿ ಅದನ್ನು ತಾರೀಖು ಅಂತಲೇ ತಿಳಿಯದೆ ಬರೀ ಅಕ್ಷರ ಅಂತ ಇಟ್ಟುಕೊಂಡಿತು. ಗಮನಿಸಿ ನೋಡಿದರೆ ಗುರುತು ಕಣ್ಣೆದುರೇ ಇತ್ತು. ತಾರೀಖು ಅಂತ ತಿಳಿದ ಸಾಲುಗಳು ಚೌಕದ ಬಲಕ್ಕೆ ಅಂಟಿದ್ದವು, ಅಕ್ಷರ ಅಂತ ತಿಳಿದವು ಎಡಕ್ಕೆ. ಹೀಗಾಗಿ ಮೇ ತಿಂಗಳ 12 ದಿನದಲ್ಲಿ ಇಡೀ ವರ್ಷ ಅಡಗಿತ್ತು. ಜನವರಿ 5 ಮೇ 1 ಆಗಿತ್ತು, ಡಿಸೆಂಬರ್ 5 ಮೇ 12 ಆಗಿತ್ತು. ಪ್ರತಿ ತಿಂಗಳ ಕಥೆಯೂ ಇದೇ. ಅದಲು ಬದಲು ಆದವನ್ನು ತಿರುಗಿಸಿ, ಡೈರಿ ಪಕ್ಕದಲ್ಲಿಟ್ಟು ಒಂದೊಂದಾಗಿ ಹೋಲಿಸಿ, ಎಲ್ಲಾ ತಾರೀಖನ್ನೂ 1998-08-05 ಅನ್ನುವ ಹಾಗೆ, ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ ಮಾಡಿದೆ. ಈಗ ಹುಡುಗರಿಗೆ ಮೊದಲ ಪಾಠವೇ ಇದು.

ಎರಡನೆಯದು ಬೆರಳಿನ ತಪ್ಪು. ಇದಕ್ಕೆ ಮದ್ದು ನೀರಿನ ಲೆಕ್ಕದಲ್ಲೇ ಇದೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಭಾಗಿಸಿ ನೋಡಿ, ಒಂದು ದಿನ ಪೂರ್ತಿ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಒಳಹರಿವಿನಲ್ಲಿ ಹೊರಹರಿವು ಕಳೆದು 11,574ರಿಂದ ಭಾಗಿಸಿದರೆ ನಾಳೆ ಡ್ಯಾಮಿನಲ್ಲಿ ಎಷ್ಟು ಏರಬೇಕು ಅಂತ ಇವತ್ತೇ ಗೊತ್ತಾಗುತ್ತದೆ. ಒಂದು ಸಾಲಿನಲ್ಲಿ ಸಂಗ್ರಹ 62.31 ಟಿಎಂಸಿ. ಒಳಗೆ 48,200, ಹೊರಗೆ 9,800. ಅಂದರೆ ಮಾರನೇ ದಿನ ಹತ್ತಿರ ಹತ್ತಿರ 65.63 ಇರಬೇಕು. ನಾನು ಹೊಡೆದದ್ದು 56.63. ನೀರು ಏರುವ ದಿನ ಹತ್ತಿರ ಹತ್ತಿರ ಆರು ಟಿಎಂಸಿ ಇಳಿದು ಹೋಗಿತ್ತು! ವರದಿ ತೆಗೆದು ನೋಡಿದೆ, 65.63ನ್ನೇ ನಾನು ತಿರುಗಿಸಿ ಹೊಡೆದಿದ್ದೆ. ಆವಿಯಾಗುವ ನೀರು, ದಶಮಾಂಶ ಬಿಟ್ಟದ್ದು ಅಂತ ಚೂರುಪಾರು ವ್ಯತ್ಯಾಸ ಇದ್ದೇ ಇರುತ್ತದೆ. ಅದಕ್ಕಿಂತ ಜಾಸ್ತಿ ಬಂದ ಸಾಲು ಕೆಂಪಾಗುವ ಹಾಗೆ ಮಾಡಿದೆ. ಒಂದು ಸಂಖ್ಯೆಗೆ ಇನ್ನೊಂದು ಸಂಖ್ಯೆ ಸಾಕ್ಷಿ ಹೇಳುವುದನ್ನು ನೋಡಿ ಆ ರಾತ್ರಿ ಬಹಳ ಖುಷಿಯಾಯಿತು.

ಖಾಲಿ ಚೌಕದ ವಿಷಯ ಚಿಕ್ಕದು, ಆದರೆ ಹೇಳಲೇಬೇಕು. ಪೇಪರ್ ಬಾರದ ದಿನಗಳಿಗೆ ನಾನು ಮೊದಮೊದಲು ಸೊನ್ನೆ ಹಾಕಿದ್ದೆ. ಸೊನ್ನೆ ಅಂದರೆ ನೀರಿಲ್ಲ. ಖಾಲಿ ಅಂದರೆ ನಮಗೆ ಗೊತ್ತಿಲ್ಲ. ಎರಡೂ ಬೇರೆ. ದೊಡ್ಡ ಡೇಟಾಬೇಸ್‌ಗಳಲ್ಲಿ ಇದಕ್ಕೆಂದೇ ನಲ್ ಅಂತ ಬೇರೆ ಗುರುತು ಇದೆ.

ಜಾಸ್ತಿ ದಿನ ನನ್ನ ನಿದ್ದೆ ಕೆಡಿಸಿದ್ದು ಹೂಳು. ಅಪ್ಪನ ಹಳೇ ಡೈರಿಗಳಲ್ಲಿ ಅಡಿ ಮಾತ್ರ ಇದೆ, ಟಿಎಂಸಿ ಇಲ್ಲ. ಎಷ್ಟು ಅಡಿಗೆ ಎಷ್ಟು ಟಿಎಂಸಿ ಅಂತ ಈಗ ಸಿಗುವ ಪಟ್ಟಿ ಹಿಡಿದು ಎಲ್ಲವನ್ನೂ ಟಿಎಂಸಿಗೆ ಬದಲಾಯಿಸಿದರಾಯಿತು ಅಂದುಕೊಂಡೆ. ಆಗುವುದಿಲ್ಲ. ಡ್ಯಾಮಿನ ಪೂರ್ತಿ ಮಟ್ಟ ಸಮುದ್ರ ಮಟ್ಟದಿಂದ 1,633 ಅಡಿ. ಕಟ್ಟಿದ ಹೊಸತರಲ್ಲಿ ಆ ಮಟ್ಟಕ್ಕೆ ಸುಮಾರು 133 ಟಿಎಂಸಿ ನೀರು. ತಳದಲ್ಲಿ ಹೂಳು ತುಂಬುತ್ತಾ ಬಂದು, 2008ರ ಸಮೀಕ್ಷೆಯಲ್ಲಿ ಅದೇ 1,633 ಅಡಿಗೆ 100.855. ಮುಂದೆ 2016ರ ಸಮೀಕ್ಷೆಯಲ್ಲಿ 105.788. "ಹೂಳು ತೆಗೆದ್ರೇನು?" ಅಂತ ಅಂಗಡಿಗೆ ಬಂದವರು ಕೇಳುತ್ತಿದ್ದರು. ಹೂಳು ತೆಗೆದಿರಲಿಲ್ಲ, ಹೊಸದಾಗಿ ಅಳೆದಿದ್ದರು ಅಷ್ಟೇ. ಅಂದ ಮೇಲೆ 1998ರ ಅಡಿಗೆ ಇವತ್ತಿನ ಪಟ್ಟಿ ಹಚ್ಚುವುದು ತಪ್ಪಾಗುತ್ತದೆ ಅಲ್ವಾ? ಅಪ್ಪ ಬರೆದ ಅಡಿಯನ್ನು ಅಡಿಯಾಗಿಯೇ ಬಿಟ್ಟೆ. ಟಿಎಂಸಿಗೆ ಬೇರೆ ಕಾಲಂ ಮಾಡಿ, ಪಕ್ಕದಲ್ಲಿ ಯಾವ ಸಮೀಕ್ಷೆಯ ಪಟ್ಟಿ ಅಂತ ಬರೆದೆ. ಮೂಲ ಸಂಖ್ಯೆಯ ಮೇಲೆ ಕೈ ಹಾಕಬಾರದು ಅನ್ನುವುದು ಅಂದಿನಿಂದ ನನ್ನ ನಿಯಮ.

ಅಲ್ಲಿಂದ ಷರಾ ಕಾಲಂ ಮೇಲೆ ನನಗೆ ಗೌರವ ಹುಟ್ಟಿತು. ಮೊದಲು ಅದನ್ನು ಟೈಪ್ ಮಾಡದೇ ಬಿಟ್ಟಿದ್ದೆ, ಕನ್ನಡದಲ್ಲಿ ಅಷ್ಟೊಂದು ಹೊಡೆಯಲು ಬೇಜಾರು. ವಾಪಸ್ ಹೋಗಿ ಎಲ್ಲಾ ಷರಾ ಸೇರಿಸಿದೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳಲ್ಲಿ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿ ಹೋಯಿತು. ನಮ್ಮ ಓಣಿಯಲ್ಲಿ ಆ ರಾತ್ರಿ ಯಾರೂ ಮಲಗಲಿಲ್ಲ. ತುಂಬಿದ ಡ್ಯಾಮಿನ ಸಂಗ್ರಹ ದಿನಾ ಇಳಿಯುತ್ತಾ ಹೋಯಿತು. 2025ರಲ್ಲಿ ಗೇಟುಗಳ ಸುರಕ್ಷತೆಗಾಗಿ 80 ಟಿಎಂಸಿಗೆ ಮಿತಿ ಹಾಕಿದರು. ಷರಾ ಇಲ್ಲದೆ ಬರೀ ಸಂಖ್ಯೆ ಉಳಿದರೆ, ಇಪ್ಪತ್ತು ವರ್ಷ ಬಿಟ್ಟು ನೋಡುವವರು 2025ರಲ್ಲಿ ಮಳೆ ಕೈಕೊಟ್ಟಿತು ಅಂತ ತಿಳಿಯುತ್ತಾರೆ. ಮನುಷ್ಯ ತಪ್ಪು ತಿಳಿದರೆ ಯಾರಾದರೂ ತಿದ್ದಿ ಹೇಳಬಹುದು. ಈಗ ನೋಡುವುದು ಯಂತ್ರವೂ ಹೌದು.

ಕಂಪ್ಯೂಟರ್ ಜಗತ್ತಿನಲ್ಲಿ ಆದ ದೊಡ್ಡ ಬದಲಾವಣೆ ಇಲ್ಲೇ ಇದೆ. ನಾನು ಕಲಿತಾಗ ಪ್ರೋಗ್ರಾಮ್ ಅಂದರೆ ನಾವು ನಿಯಮ ಬರೆಯುವುದು, ಯಂತ್ರ ಪಾಲಿಸುವುದು. ಈಗ ಉದಾಹರಣೆ ಕೊಡುತ್ತೇವೆ, ನಿಯಮವನ್ನು ಯಂತ್ರವೇ ಹುಡುಕಿಕೊಳ್ಳುತ್ತದೆ. ಚಿತ್ರದಲ್ಲಿ ಏನಿದೆ ಅಂತ ಕಂಪ್ಯೂಟರ್ ಗುರುತಿಸುವ ಇಮೇಜ್‌ನೆಟ್ ಸ್ಪರ್ಧೆಯಲ್ಲಿ 2012ರಲ್ಲಿ ಅಲೆಕ್ಸ್‌ನೆಟ್ ಅನ್ನುವ ಪ್ರೋಗ್ರಾಮ್ ಗೆದ್ದಾಗ ಜಗತ್ತು ಬೆರಗಾಯಿತು. ಅದು ಕಲಿತದ್ದು ಸುಮಾರು 12 ಲಕ್ಷ ಚಿತ್ರಗಳಿಂದ. ಪ್ರತಿ ಚಿತ್ರಕ್ಕೂ "ಇದು ಇಂಥದ್ದು" ಅಂತ ಹೆಸರಿತ್ತು. ಆ ಹೆಸರುಗಳನ್ನು ಕೊಟ್ಟವರು ಬೇರೆ ಬೇರೆ ದೇಶಗಳಲ್ಲಿ ಕೂತು ಒಂದೊಂದೇ ಚಿತ್ರ ನೋಡಿದ ಸಾಮಾನ್ಯ ಜನ. ನನ್ನ ಕಣ್ಣಿಗೆ ಅದೂ ಷರಾನೇ. ಅಕ್ಕನ ಮಗಳು ನನ್ನ ಫೈಲಿನಿಂದ ಮುಂದಿನ ವಾರದ ಮಟ್ಟ ಊಹಿಸುವ ಸಣ್ಣ ಪ್ರೋಗ್ರಾಮ್ ಮಾಡಿದಳು. ಗೇಟು ಮುರಿದ ದಿನಗಳನ್ನು ಬೇರೆ ಮಾಡದೆ ಕೊಟ್ಟರೆ, ಆಗಸ್ಟ್ ನಡುವೆ ನೀರು ಇಳಿಯುವುದೇ ರೂಢಿ ಇರಬೇಕು ಅಂತ ಅದೂ ಒಂದಿಷ್ಟು ನಂಬಿತು. ಷರಾ ನೋಡಿ ಆ ಸಾಲುಗಳನ್ನು ಪಕ್ಕಕ್ಕಿಟ್ಟ ಮೇಲೆ ಊಹೆ ಸರಿದಾರಿಗೆ ಬಂತು.

ಇಷ್ಟಾದರೂ ಒಂದು ಕೊರತೆ ಕಾಡುತ್ತಿದೆ. ಡ್ಯಾಮಿನ ಲೆಕ್ಕ ಎಲ್ಲರ ಮೊಬೈಲಿನಲ್ಲಿದೆ. ಕಾಲುವೆಯ ಕೊನೆ ಭಾಗದ ಹೊಲಕ್ಕೆ ನೀರು ಯಾವ ದಿನ ಮುಟ್ಟಿತು, ಎಷ್ಟು ದಿನ ನಿಂತಿತು ಅನ್ನುವ ಲೆಕ್ಕ ನಾನು ಹುಡುಕಿದ ಕಡೆ ಎಲ್ಲೂ ಸಿಗಲಿಲ್ಲ. ಬರೆದಿಡದ ಮೇಲೆ ಆ ರೈತನ ಕಷ್ಟ ಯಾವ ಕಂಪ್ಯೂಟರಿಗೂ ಕಾಣುವುದಿಲ್ಲ. ಅದಕ್ಕೇ ಹೊಸ ಫೈಲ್ ಶುರು ಮಾಡಿದ್ದೇನೆ. ಮೂವರು ರೈತರು ಒಪ್ಪಿದ್ದಾರೆ. ತೂಬಿಗೆ ನೀರು ಬಂದ ಕೂಡಲೇ ಒಂದು ಮೆಸೇಜು, ನಿಂತ ಕೂಡಲೇ ಇನ್ನೊಂದು. ಮೊದಲ ಮೆಸೇಜು ಬಂದದ್ದು ರಾತ್ರಿ 2.40ಕ್ಕೆ. "ಅಣ್ಣಾ, ನೀರು ಬಂತು. ನಾಕು ಬೆರಳು ಐತಿ. ಮ್ಯಾಲಿನವ್ರು ಮಲಗ್ಯಾರ, ಅದಕ್ಕ ಬಂದೈತಿ." ಎದ್ದು ತಾರೀಖು, ವೇಳೆ, ನಾಲ್ಕು ಬೆರಳು ಅಂತ ಹಾಕಿದೆ. ಉಳಿದ ಮಾತನ್ನು ಅವರು ಹೇಳಿದ ಹಾಗೆಯೇ ಷರಾದಲ್ಲಿ ಬರೆದೆ.